ಮಕ್ಕಳ ಹದಿಹರೆಯಕ್ಕೆ ಒಂದು ಹೆಜ್ಜೆ ಮುಂದೆ: ಮುಂಬಯಿಯ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

ರೈಲ್ವೆ ಕಾಯಿದೆಯ ಪ್ರಕಾರ 12 ವರ್ಷ ತುಂಬಿದ ಹುಡುಗ ಲೇಡೀಸ್ ಡಬ್ಬಿಯಲ್ಲಿ ತಾಯಿಯ ಜೊತೆ ಹೋಗುವಂತಿಲ್ಲ. ಅವನ ಅರ್ಧ ಟಿಕೇಟೂ ಅದೇ ವಯಸ್ಸಿಗೆ ಮುಗಿಯುತ್ತದೆ. ಡೊಂಬಿವಲಿಯಿಂದ ಮಾಟುಂಗಕ್ಕೋ ಘಾಟ್‌ಕೋಪರಿಗೋ ಮಗನನ್ನು ಕರೆದುಕೊಂಡು ಓಡಾಡುವ ಅನೇಕ ತಾಯಂದಿರಿಗೆ ಮಗ ದೊಡ್ಡವನಾದ ಸುದ್ದಿಯನ್ನು ಮೊದಲು ಮುಟ್ಟಿಸುವುದು ಈ ನಿಯಮವೇ. ಆದರೆ ದೇಹಕ್ಕೆ ರೈಲ್ವೆಯ ಲೆಕ್ಕ ಗೊತ್ತಿಲ್ಲ. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರುತ್ತಿರಬಹುದು, ಇನ್ನೊಬ್ಬನಿಗೆ ಇನ್ನೂ ಮಗುವಿನ ದನಿಯೇ ಇರಬಹುದು. ಅವರ ಪಕ್ಕದ ಬೆಂಚಿನ ಹುಡುಗಿ ಮೈನೆರೆದು ವರ್ಷವಾಗಿರಬಹುದು. ಮೂವರೂ ಸರಿಯಾಗಿಯೇ ಬೆಳೆಯುತ್ತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಗುರುತಿಸುತ್ತದೆ. ಬದಲಾವಣೆಗಳು ಯಾವಾಗ ಆರಂಭವಾಗುತ್ತವೆ ಎಂಬುದು ಮಗುವಿನಿಂದ ಮಗುವಿಗೆ ನಾಲ್ಕೈದು ವರ್ಷಗಳಷ್ಟು ಹಿಂದೆಮುಂದೆ ಆಗಬಹುದಾದರೂ, ಒಂದಾದ ಮೇಲೊಂದು ಬರುವ ಕ್ರಮ ಮಾತ್ರ ಬಹುಪಾಲು ಮಕ್ಕಳಲ್ಲಿ ಒಂದೇ ಆಗಿರುತ್ತದೆ. ಈ ಕ್ರಮವನ್ನು ಬಲ್ಲ ತಂದೆತಾಯಿಗೆ ಮುಂದೇನು ಬರಲಿದೆ ಎಂಬುದು ಗೊತ್ತಿರುವುದರಿಂದ, ಮಗು ಹೆದರುವ ಮೊದಲೇ ಅದರೊಂದಿಗೆ ಮಾತನಾಡಲು ಅವರಿಗೆ ಸಾಧ್ಯವಾಗುತ್ತದೆ. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಲಾಗಿದೆ.

ಮೊದಲ ಹೆಜ್ಜೆ: ಕ್ರಮವನ್ನು ತಿಳಿದಿಟ್ಟುಕೊಳ್ಳಿ

ಹುಡುಗಿಯರಲ್ಲಿ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷಗಳ ನಡುವೆ ತೊಡಗುತ್ತದೆ. ಹೆಚ್ಚಿನವರಲ್ಲಿ ಮೊದಲ ಗುರುತು ಎದೆಯ ಬೆಳವಣಿಗೆ: ಮೊಲೆತೊಟ್ಟಿನ ಹಿಂದೆ ಗುಂಡಿಯಷ್ಟು ಗಾತ್ರದ ಗಟ್ಟಿ ಭಾಗವೊಂದು ಕೈಗೆ ಸಿಗುತ್ತದೆ, ಮುಟ್ಟಿದರೆ ತುಸು ನೋಯುತ್ತದೆ. ಇದು ಒಂದು ಬದಿಯಲ್ಲಿ ಮೊದಲು ಕಾಣಿಸಿಕೊಂಡು, ಇನ್ನೊಂದು ಬದಿಯಲ್ಲಿ ಕೆಲವು ತಿಂಗಳು ತಡವಾಗಿ ಬರುವುದು ತೀರ ಸಾಮಾನ್ಯ. ಗಡ್ಡೆಯಿರಬಹುದೆಂದು ಗಾಬರಿಗೊಂಡು ಸ್ಕ್ಯಾನಿಂಗ್ ಮಾಡಿಸಲು ಓಡುವವರು ಇಷ್ಟನ್ನು ಮೊದಲೇ ತಿಳಿದಿದ್ದರೆ ಒಂದು ವಾರದ ನಿದ್ದೆ ಉಳಿಯುತ್ತದೆ. ಆಮೇಲೆ ಕಂಕುಳಲ್ಲಿ ಮತ್ತು ಗುಪ್ತಾಂಗದ ಸುತ್ತ ಕೂದಲು, ಬೆವರಿನ ವಾಸನೆ, ಥಟ್ಟನೆ ಏರುವ ಎತ್ತರ. ಎದೆಯ ಬೆಳವಣಿಗೆ ತೊಡಗಿ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಹಾಗಾಗಿ ಮುಟ್ಟಿನ ವಿಷಯವನ್ನು ಮಗಳಿಗೆ ಹೇಳಲು ನಿಮ್ಮ ಕೈಯಲ್ಲಿ ಹೆಚ್ಚುಕಡಿಮೆ ಎರಡು ವರ್ಷಗಳ ಮುನ್ಸೂಚನೆ ಇರುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಹುಡುಗರಲ್ಲಿ ಇದು 9ರಿಂದ 14ರ ನಡುವೆ ಆರಂಭವಾಗುತ್ತದೆ. ಮೊದಲ ಗುರುತು ವೃಷಣಗಳು ದೊಡ್ಡದಾಗುವುದು. ಇದು ಮನೆಯ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಹುಡುಗರು ತಡವಾಗಿ ಬೆಳೆಯುತ್ತಾರೆಂದೇ ಎಲ್ಲರೂ ತಿಳಿಯುತ್ತಾರೆ. ಕೂದಲು, ಶಿಶ್ನದ ಬೆಳವಣಿಗೆ, ನಿದ್ದೆಯಲ್ಲಿ ವೀರ್ಯ ಹೊರಬರುವುದು, ದನಿ ಒಡೆಯುವುದು, ಕೊನೆಗೆ ಮೀಸೆಗಡ್ಡ ಒಂದರ ಹಿಂದೊಂದು ಬರುತ್ತವೆ. ಹುಡುಗಿಯರ ಎತ್ತರ ವೇಗವಾಗಿ ಏರುವುದು ಈ ಕ್ರಮದ ಆರಂಭದಲ್ಲಿ, ಹುಡುಗರದ್ದು ಅದರ ನಡುವಿನಲ್ಲಿ. ಇಬ್ಬರಿಗೂ ಸುಮಾರು ಎರಡು ವರ್ಷಗಳ ಅಂತರವಿರುತ್ತದೆ. 6ನೆಯ, 7ನೆಯ ತರಗತಿಯ ಗುಂಪು ಫೋಟೋದಲ್ಲಿ ಹುಡುಗಿಯರು ಹಿಂದಿನ ಸಾಲಿನಲ್ಲಿ ನಿಂತಿರುವುದಕ್ಕೆ ಕಾರಣ ಇದೇ.

ಎರಡನೆಯ ಹೆಜ್ಜೆ: ಎತ್ತರವನ್ನು ಬರೆದಿಡಿ

ಬಾಗಿಲಿನ ಹಿಂದೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ಪುಸ್ತಕವೊಂದನ್ನು ಅಡ್ಡವಾಗಿಟ್ಟು ಪೆನ್ಸಿಲಿನಿಂದ ಗೆರೆ ಎಳೆದರೆ ಸಾಕು. ಆರು ತಿಂಗಳಿಗೊಮ್ಮೆ ಇದನ್ನು ಮಾಡಿ, ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿಯೂ ಬರೆಯಿರಿ; ಬಾಡಿಗೆಯ ಮನೆ ಬಿಟ್ಟು ಹೋಗುವಾಗ ಬಾಗಿಲನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ. ಹದಿಹರೆಯಕ್ಕೆ ಮೊದಲು ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ವೇಗದ ತುದಿಯಲ್ಲಿ ಹುಡುಗಿಯರು ವರ್ಷಕ್ಕೆ ಸುಮಾರು 8 ಸೆಂ.ಮೀ., ಹುಡುಗರು 9ರಿಂದ 10 ಸೆಂ.ಮೀ.ವರೆಗೂ ಏರುತ್ತಾರೆ. ಮುಟ್ಟು ಆರಂಭವಾದ ಮೇಲೆ ಹುಡುಗಿಯರು ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂ.ಮೀ. ಮಾತ್ರ ಬೆಳೆಯುತ್ತಾರೆ.

ಮೊದಲು ಬೆಳೆಯುವುದು ಪಾದ ಮತ್ತು ಅಂಗೈ, ಆಮೇಲೆ ಕೈಕಾಲು, ಕೊನೆಗೆ ಮುಂಡ. ಜೂನ್‌ನಲ್ಲಿ ಕೊಂಡ ಶಾಲೆಯ ಶೂ ದೀಪಾವಳಿಗೆ ಕಚ್ಚತೊಡಗಿದರೆ ಎತ್ತರ ಏರುವ ಕಾಲ ಹತ್ತಿರ ಬಂತೆಂದು ತಿಳಿಯಬಹುದು. ಈ ದಿನಗಳಲ್ಲಿ ಮಕ್ಕಳು ಲೋಟ ಕೆಡವುತ್ತಾರೆ, ಹೊಸ್ತಿಲು ಎಡವುತ್ತಾರೆ. ಅದು ಉಡಾಫೆಯಲ್ಲ, ತಮ್ಮ ಕೈಕಾಲಿನ ಹೊಸ ಉದ್ದ ಅವರಿಗೇ ಇನ್ನೂ ಅಂದಾಜಿಗೆ ಸಿಕ್ಕಿರುವುದಿಲ್ಲ.

ಮಗು ಎಷ್ಟು ಎತ್ತರವಾಗಬಹುದೆಂಬ ಅಂದಾಜಿಗೆ ವೈದ್ಯರು ಬಳಸುವ ಸರಳ ಲೆಕ್ಕವೊಂದಿದೆ. ತಂದೆ ಮತ್ತು ತಾಯಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಮಗನಾದರೆ 13 ಸೇರಿಸಿ, ಮಗಳಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ಬಂದ ಉತ್ತರದ ಆಚೀಚೆ 8 ಸೆಂ.ಮೀ. ವ್ಯತ್ಯಾಸವನ್ನು ಸಹಜವೆಂದು ಒಪ್ಪಬೇಕು. ಭಾರತೀಯ ಮಕ್ಕಳ ತಜ್ಞರ ಸಂಘವು 5ರಿಂದ 18 ವರ್ಷದವರಿಗಾಗಿ 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಚಾರ್ಟು ಮಕ್ಕಳ ವೈದ್ಯರ ಬಳಿ ಇರುತ್ತದೆ. ನಿಮ್ಮ ಅಂಕಿಗಳನ್ನು ಅದರಲ್ಲಿ ಗುರುತಿಸಿಕೊಡಲು ಕೇಳಿ. ಎತ್ತರ ಹೆಚ್ಚಿಸುವ ಪುಡಿಗಳ ಜಾಹೀರಾತುಗಳ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಆ ದುಡ್ಡಿಗೆ ಮೊಟ್ಟೆ, ಹಾಲು, ಬೇಳೆ ಕೊಳ್ಳಿ.

ಮೂರನೆಯ ಹೆಜ್ಜೆ: ಮಗಳೊಡನೆ ಮಾತು, ಮುಟ್ಟಿಗೆ ಮೊದಲು

ಮಾತು ಒಂದೇ ಸಲಕ್ಕೆ ಮುಗಿಯಬೇಕಾಗಿಲ್ಲ. ತರಕಾರಿ ಸೋಸುವಾಗಲೋ ಬಟ್ಟೆ ಮಡಚುವಾಗಲೋ ಎರಡೆರಡು ನಿಮಿಷ ಹೇಳಿದರೂ ಸಾಕು. ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ಕಳಚಿ ರಕ್ತವಾಗಿ ಹೊರಬರುತ್ತದೆ, ಅದು ಗಾಯವಲ್ಲ, ಕೊಳೆಯೂ ಅಲ್ಲ ಎಂಬುದನ್ನು ಸ್ಪಷ್ಟ ಮಾತಿನಲ್ಲಿ ತಿಳಿಸಿ. ಪ್ಯಾಡನ್ನು ಬಿಚ್ಚಿ, ಚಡ್ಡಿಗೆ ಹೇಗೆ ಅಂಟಿಸಬೇಕು, ಬಳಸಿದ್ದನ್ನು ಕಾಗದದಲ್ಲಿ ಹೇಗೆ ಸುತ್ತಿ ಕಸದ ಡಬ್ಬಿಗೆ ಹಾಕಬೇಕು ಎಂಬುದನ್ನು ಒಮ್ಮೆ ಮಾಡಿ ತೋರಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಬಟ್ಟೆಯನ್ನೇ ಬಳಸುವ ಮನೆಗಳಲ್ಲಿ ಅದನ್ನು ಬಿಸಿಲಿನಲ್ಲಿ ಒಣಗಿಸುವುದು ಅಗತ್ಯ. ಜುಲೈ, ಆಗಸ್ಟಿನ ಮುಂಬಯಿ ಮಳೆಯಲ್ಲಿ ಬಿಸಿಲೆಂಬುದೇ ಇಲ್ಲದಿರುವಾಗ ಆ ಎರಡು ತಿಂಗಳಾದರೂ ಪ್ಯಾಡಿಗೆ ಬದಲಾಗುವುದು ಜಾಣತನ.

ಮಗಳ ಶಾಲೆಯ ಚೀಲದ ಒಳಜೇಬಿನಲ್ಲಿ ಒಂದು ಸಣ್ಣ ಬಟ್ಟೆಯ ಚೀಲ ಇರಲಿ: ಎರಡು ಪ್ಯಾಡು, ಒಂದು ಒಳಉಡುಪು, ಸುತ್ತಲು ಹಳೆಯ ಪತ್ರಿಕೆಯ ತುಂಡು. ಮೊದಲ ಮುಟ್ಟು ಗಣಿತದ ತಾಸಿನಲ್ಲಿಯೂ ಬರಬಹುದು, ಠಾಣೆಯಿಂದ ಹೊರಟ ತುಂಬಿದ ಲೋಕಲಿನಲ್ಲಿಯೂ ಬರಬಹುದು. ತಂದೆಗೂ ಆ ಚೀಲ ಎಲ್ಲಿದೆಯೆಂದು ಗೊತ್ತಿರಬೇಕು. ತಾಯಿ ಊರಿಗೆ ಹೋಗಿದ್ದಾಗ ಮುಟ್ಟಾದ ಹುಡುಗಿ ಅಪ್ಪನಿಗೆ ಹೇಳಲಾಗದೆ ನೆರೆಮನೆಯ ಆಂಟಿಯ ಬಾಗಿಲು ತಟ್ಟಬೇಕಾಗಿ ಬರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ.

ಮೊದಲ ಎರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಾಮಾನ್ಯ. ಒಂದರ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ 21ರಿಂದ 45 ದಿನಗಳ ಅಂತರ ಈ ವಯಸ್ಸಿಗೆ ಸರಿಯೇ. ದಿನಾಂಕಗಳನ್ನು ಮಗಳೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವ ಅಭ್ಯಾಸ ಬೆಳೆಸಿ.

ಮೈನೆರೆದ ಹುಡುಗಿಗೆ ಆರತಿ ಎತ್ತುವ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸುವ ಪದ್ಧತಿ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಎಳ್ಳಿನಲ್ಲಿ ಸುಣ್ಣದಂಶವೂ ಕಬ್ಬಿಣದಂಶವೂ ಇರುವುದರಿಂದ ಚಿಗಳಿ ಧಾರಾಳವಾಗಿ ತಿನ್ನಲಿ. ಆದರೆ ಆರತಿಯ ವಿಷಯದಲ್ಲಿ ಮಗಳನ್ನು ಒಂದು ಮಾತು ಕೇಳಿ. ಸೊಸೈಟಿಯ ಮೂರು ಮಹಡಿಗೆ ಸುದ್ದಿ ಹಬ್ಬುವುದು ಅವಳಿಗೆ ಸಂಕಟವಾದರೆ ಆ ಸಂಭ್ರಮ ಯಾರಿಗಾಗಿ? ಮೂರು ದಿನ ಮೂಲೆಯಲ್ಲಿ ಕೂರಿಸುವ ಪದ್ಧತಿಯನ್ನಂತೂ ಕೈಬಿಡುವುದೇ ಲೇಸು. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ನಾಲ್ಕನೆಯ ಹೆಜ್ಜೆ: ಮಗನೊಡನೆ ಮಾತು, ಇದು ಅಪ್ಪನ ಪಾಲಿನದು

ನಮ್ಮ ಮನೆಗಳಲ್ಲಿ ಹೆಚ್ಚು ಬಾಕಿ ಉಳಿಯುವ ಕೆಲಸ ಇದೇ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವ ಅಪ್ಪ ಮನೆಗೆ ಬರುವಾಗ ಮಗ ಮಲಗಿರುತ್ತಾನೆ, ಮಗ ಶಾಲೆಗೆ ಹೊರಡುವಾಗ ಅಪ್ಪ ಮಲಗಿರುತ್ತಾನೆ. ಮಗನಿಗೆ ವಿಷಯ ತಿಳಿಯುವುದು ಗೆಳೆಯರಿಂದ, ಇಲ್ಲವೇ ಮೊಬೈಲಿನಿಂದ; ಎರಡೂ ಕಡೆ ಸಿಗುವುದು ಉತ್ಪ್ರೇಕ್ಷೆ. ವಾರದ ರಜೆಯ ದಿನ ಮಗನನ್ನು ಕಟಿಂಗ್ ಅಂಗಡಿಗೋ ಮಾರ್ಕೆಟ್ಟಿಗೋ ಜೊತೆಗೆ ಕರೆದುಕೊಂಡು ಹೋಗಿ. ಎದುರುಬದುರು ಕೂತು ಆಡಲಾಗದ ಮಾತನ್ನು ಅಕ್ಕಪಕ್ಕ ನಡೆಯುತ್ತಾ ಆಡಬಹುದು. ಮಾತು ಇಷ್ಟು ಸರಳವಾಗಿದ್ದರೂ ಆದೀತು:

“ಅಪ್ಪಾ, ನಿನ್ನೆ ಕ್ಲಾಸಿನಲ್ಲಿ ಓದುವಾಗ ದನಿ ಕೀರಲಾಯಿತು. ಎಲ್ಲರೂ ನಕ್ಕರು.”

“ನನಗೂ ಆಗಿತ್ತು ಮಗಾ. ಗಂಟಲಿನೊಳಗೆ ದನಿ ಹುಟ್ಟುವ ಜಾಗ ದೊಡ್ಡದಾಗುತ್ತಿದೆ. ಕೆಲವು ತಿಂಗಳು ಹೀಗೇ ಇರುತ್ತದೆ, ಆಮೇಲೆ ನಿಲ್ಲುತ್ತದೆ. ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾದರೆ ಅದಕ್ಕೂ ಹೆದರಬೇಡ, ಅದೂ ಬೆಳೆಯುವುದರ ಲಕ್ಷಣವೇ.”

ನಿದ್ದೆಯಲ್ಲಿ ವೀರ್ಯ ಹೋಗುವುದರಿಂದಾಗಲಿ ಹಸ್ತಮೈಥುನದಿಂದಾಗಲಿ ಶಕ್ತಿ ಕುಂದುವುದಿಲ್ಲ, ನೆನಪು ಕೆಡುವುದಿಲ್ಲ. ರೈಲ್ವೆ ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಬರೆಸುವವರು ಬದುಕುವುದೇ ಈ ಭಯದಿಂದ. ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದು ಹಂತದಲ್ಲಿ ಮೊಲೆತೊಟ್ಟಿನ ಹಿಂದೆ ಉಬ್ಬು ಕಾಣಿಸಿಕೊಳ್ಳುತ್ತದೆ. ಒಂದೆರಡು ವರ್ಷಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಇದಕ್ಕಾಗಿಯೇ ಅಂಗಿ ಬಿಚ್ಚಲು ನಾಚಿ ಈಜಿಗೆ ಹೋಗುವುದನ್ನು ಬಿಟ್ಟ ಹುಡುಗರಿದ್ದಾರೆ, ಕಾರಣವನ್ನು ಮಾತ್ರ ಮನೆಯಲ್ಲಿ ಹೇಳಿರುವುದಿಲ್ಲ. ಹುಡುಗರಿಗೆ ಮುಟ್ಟಿನ ಬಗ್ಗೆಯೂ ಹುಡುಗಿಯರಿಗೆ ಹುಡುಗರ ಬದಲಾವಣೆಗಳ ಬಗ್ಗೆಯೂ ತಿಳಿಸುವುದು ಒಳ್ಳೆಯದು. ಅಕ್ಕನ ಹೊಟ್ಟೆನೋವನ್ನು ತಮ್ಮ ಗೇಲಿ ಮಾಡದಿರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಐದನೆಯ ಹೆಜ್ಜೆ: ಚಿಕ್ಕ ಮನೆಯಲ್ಲೊಂದು ಮರೆ

ವನ್ ರೂಮ್ ಕಿಚನ್ನಿನಲ್ಲಿ ಐದು ಜನ ಇರುವಾಗ ಮಗುವಿಗೆ ಪ್ರತ್ಯೇಕ ಕೋಣೆ ಕೊಡಿ ಎಂಬ ಪುಸ್ತಕದ ಸಲಹೆಯಿಂದ ಪ್ರಯೋಜನವಿಲ್ಲ. ಆದರೆ ಮರೆಯ ಅಗತ್ಯ ಈ ವಯಸ್ಸಿನಲ್ಲಿ ನಿಜವಾದದ್ದು. ಎರಡು ಮೊಳೆ ಹೊಡೆದು ಕಟ್ಟಿದ ಪರದೆ, ಕಪಾಟಿನಲ್ಲಿ ಬೀಗವಿರುವ ಒಂದು ಖಾನೆ, ಬಚ್ಚಲಿನಲ್ಲಿ ಹತ್ತು ನಿಮಿಷ ಯಾರೂ ಬಾಗಿಲು ಬಡಿಯದ ಒಪ್ಪಂದ, ಇಷ್ಟನ್ನು ಯಾವ ಮನೆಯಲ್ಲಾದರೂ ಮಾಡಬಹುದು. ಒಳಉಡುಪನ್ನು ಪ್ರತ್ಯೇಕವಾಗಿ, ಗಾಳಿಯಾಡುವ ಕಡೆ ಹರವಲು ಒಂದು ಹಗ್ಗವನ್ನೂ ಕೊಡಿ.

ಹಗ್ಗದ ಮಾತು ಬಂದದ್ದು ಸುಮ್ಮನೆ ಅಲ್ಲ. ಹದಿಹರೆಯದಲ್ಲಿ ಬೆವರಿನ ಗ್ರಂಥಿಗಳು ಚುರುಕಾಗುತ್ತವೆ. ಮುಂಬಯಿ ಮಳೆಗಾಲದಲ್ಲಿ ಅರೆಬರೆ ಒಣಗಿದ ಚಡ್ಡಿ, ಒದ್ದೆ ಸಾಕ್ಸು ಹಾಕಿಕೊಂಡೇ ಮಕ್ಕಳು ದಿನವಿಡೀ ಕೂರಬೇಕಾಗುತ್ತದೆ. ತೊಡೆಸಂದಿಯಲ್ಲಿ ಉಂಗುರದಂತೆ ಕೆಂಪಗೆ ಏಳುವ, ತುರಿಸುವ ಹುಳುಕಡ್ಡಿ ಬರುವುದು ಇದರಿಂದಲೇ. ನಾಚಿಕೆಯಿಂದ ಮಗ ಯಾರಿಗೂ ಹೇಳದೆ ಔಷಧದ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚುತ್ತಾನೆ. ಆ ಟ್ಯೂಬುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ನಾಲ್ಕು ದಿನ ತುರಿಕೆ ನಿಂತಂತಾಗಿ, ಆಮೇಲೆ ಸೋಂಕು ಇನ್ನಷ್ಟು ಹರಡುತ್ತದೆ. ಮೊಡವೆಗೂ ಇದೇ ಮಾತು: ಮುಖಕ್ಕೆ ಸ್ಟೀರಾಯ್ಡ್ ಇರುವ ಕ್ರೀಮು ಬೇಡ, ಚಿವುಟುವುದು ಬೇಡ, ದಿನಕ್ಕೆ ಎರಡು ಸಲ ಸೌಮ್ಯ ಸೋಪಿನಿಂದ ತೊಳೆದರೆ ಸಾಕು. ಕಲೆ ಉಳಿಯುವಂಥ ದೊಡ್ಡ ಮೊಡವೆಗಳಿದ್ದರೆ ಚರ್ಮದ ವೈದ್ಯರ ಬಳಿ ಬೇಗ ಹೋಗಿ.

ಆರನೆಯ ಹೆಜ್ಜೆ: ಊಟ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ, ಹುಡುಗರಲ್ಲಿ ಶೇ. 31. ಬೆಳೆಯುವ ದೇಹ ರಕ್ತವನ್ನೂ ಸ್ನಾಯುಗಳನ್ನೂ ಹೊಸದಾಗಿ ಕಟ್ಟಬೇಕಾಗಿರುವಾಗ, ಹುಡುಗಿಯರಿಗೆ ಅದರ ಜೊತೆಗೆ ಮುಟ್ಟಿನ ನಷ್ಟವೂ ಸೇರುತ್ತದೆ. ಮುಂಬಯಿಯ ಬೆಳಗಿನ ಚಹಾ-ಚಪಾತಿ ಇಲ್ಲಿ ಒಂದು ಅಡ್ಡಿ: ಚಹಾದಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಚಹಾವನ್ನು ಊಟತಿಂಡಿಯಿಂದ ಒಂದು ಗಂಟೆಯಾದರೂ ದೂರವಿಡಿ. ಹುರುಳಿ ಸಾರು, ನುಗ್ಗೆ ಸೊಪ್ಪಿನ ಪಲ್ಯ, ಹೆಸರುಕಾಳು ಇವುಗಳ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ.

ಎಲುಬಿನ ಗಟ್ಟಿತನದ ದೊಡ್ಡ ಪಾಲು ಈ ವರ್ಷಗಳಲ್ಲೇ ಕೂಡುತ್ತದೆ. ದಿನಕ್ಕೆ ಸುಮಾರು 1000 ಮಿ.ಗ್ರಾಂ. ಸುಣ್ಣದಂಶ ಬೇಕು, 100 ಗ್ರಾಂ ರಾಗಿಯಲ್ಲಿ ಅದರ ಮೂರನೆಯ ಒಂದು ಪಾಲು ಸಿಗುತ್ತದೆ. ಇಲ್ಲಿ ಯಾವ ಅಂಗಡಿಯಲ್ಲಿಯೂ ನಾಚ್ಣಿ ಎಂದು ಕೇಳಿದರೆ ರಾಗಿ ಕೊಡುತ್ತಾರೆ. ಮೀನು ತಿನ್ನುವವರು ಬೂತಾಯಿಯನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ತಿನ್ನಲಿ. ಸಂಜೆಯ ಕ್ಲಾಸಿಗೆ ಹೋಗುವ ಹುಡುಗ ದಾರಿಯಲ್ಲಿ ವಡಾಪಾವ್ ತಿನ್ನುತ್ತಾನೆಂದು ಗದರುವ ಬದಲು, ಡಬ್ಬಿಯಲ್ಲಿ ಶೇಂಗಾ ಚಿಕ್ಕಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಹಾಕಿಕೊಡಿ. ಆ ಹಸಿವು ಸುಳ್ಳಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದರಿಂದ ಊಟದ ನಂತರ ತೆಗೆದುಕೊಳ್ಳಲು ಹೇಳಿ.

ಏಳನೆಯ ಹೆಜ್ಜೆ: ನಿದ್ದೆ

ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತದೆ. ರಾತ್ರಿ ಹನ್ನೊಂದರವರೆಗೆ ಕಣ್ಣು ಮುಚ್ಚದ ಮಗು ಸೋಮಾರಿಯಲ್ಲ. ಆದರೆ ಬೇಕಾದ ನಿದ್ದೆ 8ರಿಂದ 10 ಗಂಟೆ, ಶಾಲೆಯ ಗಂಟೆ ಬಾರಿಸುವುದು ಏಳಕ್ಕೆ. 2024ರಲ್ಲಿ ಮಹಾರಾಷ್ಟ್ರ ಸರಕಾರವು 4ನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮೊದಲು ಆರಂಭವಾಗಬಾರದೆಂದು ಸೂಚಿಸಿತು. ಆ ರಿಯಾಯಿತಿ ಹೆಚ್ಚು ಅಗತ್ಯವಾಗಿದ್ದದ್ದು 8ನೆಯ, 9ನೆಯ ತರಗತಿಯವರಿಗೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕೈಯಲ್ಲಿರುವುದು ಇಷ್ಟು: ರಾತ್ರಿ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗಿರಲಿ.

ಎಂಟನೆಯ ಹೆಜ್ಜೆ: ಮನಸ್ಸು ಮತ್ತು ಹೊರಗಿನ ಲೋಕ

ಮಿದುಳಿನಲ್ಲಿ ಭಾವನೆ ಮತ್ತು ರೋಮಾಂಚನದ ಭಾಗಗಳು ಬೇಗ ಚುರುಕಾಗುತ್ತವೆ. ಹಿಂದುಮುಂದು ಯೋಚಿಸಿ ತಡೆಹಿಡಿಯುವ ಮುಂಭಾಗ ಪೂರ್ತಿ ಮಾಗುವುದು ಇಪ್ಪತ್ತರ ನಡುವಯಸ್ಸಿಗೆ. ಒಬ್ಬನೇ ಇದ್ದಾಗ ವಿವೇಕದಿಂದ ನಡೆಯುವ ಹುಡುಗ ಗೆಳೆಯರೆದುರು ರೈಲಿನ ಬಾಗಿಲಿಗೆ ಜೋತುಬೀಳುವುದು ಈ ಅಂತರದಿಂದಾಗಿ. ಆದ್ದರಿಂದ ‘ಹುಷಾರಾಗಿರು’ ಎಂಬ ಉಪದೇಶಕ್ಕಿಂತ ಖಚಿತ ನಿಯಮ ಹೆಚ್ಚು ಕೆಲಸ ಮಾಡುತ್ತದೆ: ಬಾಗಿಲಲ್ಲಿ ನಿಲ್ಲುವುದಿಲ್ಲ, ಹಳಿ ದಾಟುವುದಿಲ್ಲ, ಓಡುವ ರೈಲು ಹತ್ತುವುದಿಲ್ಲ, ತಡವಾದರೆ ಬೈಗುಳವಿಲ್ಲ.

ಮೊದಲ ಬಾರಿಗೆ ಮಗ ಜನರಲ್ ಡಬ್ಬಿಗೆ, ಮಗಳು ಒಂಟಿಯಾಗಿ ಲೇಡೀಸ್ ಡಬ್ಬಿಗೆ ಹೋಗುವ ಮೊದಲು ಅದೇ ದಾರಿಯಲ್ಲಿ ಕೆಲವು ಸಲ ಜೊತೆಗೆ ಹೋಗಿ, ಇಳಿಯುವ ಬದಿ ಯಾವುದು, ತಪ್ಪಿ ಮುಂದೆ ಹೋದರೆ ಎಲ್ಲಿ ಕಾಯಬೇಕು ಎಂದು ಮಗುವಿನ ಬಾಯಿಂದಲೇ ಹೇಳಿಸಿ. ಗುಂಪಿನಲ್ಲಿ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಜೋರಾಗಿ ಕೂಗಬೇಕು. ಇದು ಹುಡುಗರಿಗೂ ಆಗುತ್ತದೆ, ಅವರಿಗೂ ಹೇಳಿ. ರೈಲಿನ ಸಹಾಯವಾಣಿ 139, ಮಕ್ಕಳದ್ದು 1098. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ 18 ತುಂಬದ ಎಲ್ಲರನ್ನೂ, ಹುಡುಗ ಹುಡುಗಿಯೆಂಬ ಭೇದವಿಲ್ಲದೆ, ಮಗುವೆಂದೇ ಪರಿಗಣಿಸುತ್ತದೆ. ಆ ವಯಸ್ಸಿನೊಳಗಿನ ಲೈಂಗಿಕ ಸಂಬಂಧಕ್ಕೆ ಪರಸ್ಪರ ಒಪ್ಪಿಗೆ ಇದ್ದರೂ ಕಾನೂನು ಅದನ್ನು ಒಪ್ಪುವುದಿಲ್ಲ ಎಂಬುದನ್ನು ಪ್ರೀತಿಯ ವಯಸ್ಸಿಗೆ ಕಾಲಿಟ್ಟ ಮಕ್ಕಳಿಗೆ ಹೆದರಿಸದೆ ತಿಳಿಸಬೇಕು.

ಸಿಡುಕು, ಮೌನ, ಗೆಳೆಯರ ಮಾತೇ ವೇದವಾಗುವುದು ಬಂದುಹೋಗುವಂಥವು. ಎರಡು ವಾರ ಮೀರಿ ಮಂಕಾಗಿರುವುದು, ಇಷ್ಟದ ಆಟವನ್ನೂ ಬಿಡುವುದು, ಊಟನಿದ್ದೆ ಕೆಡುವುದು ಹಾಗಲ್ಲ. ಸಾಯುವ ಮಾತನ್ನು ಮಗು ತಮಾಷೆಗೆ ಆಡಿದರೂ ಅದನ್ನು ತಮಾಷೆಯೆಂದು ಬಿಡಬೇಡಿ, ಆ ದಿನವೇ ನೆರವು ಕೇಳಿ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಒಂಬತ್ತನೆಯ ಹೆಜ್ಜೆ: ವೈದ್ಯರ ಬಳಿ ಯಾವಾಗ

ಹುಡುಗಿಗೆ 8ಕ್ಕೆ ಮೊದಲೇ, ಹುಡುಗನಿಗೆ 9ಕ್ಕೆ ಮೊದಲೇ ಬದಲಾವಣೆ ತೊಡಗಿದರೆ ಕಾಯಬೇಡಿ. ಹುಡುಗಿಗೆ 13 ತುಂಬಿದರೂ ಎದೆ ಬೆಳೆಯದಿದ್ದರೆ, 15 ಆದರೂ ಮುಟ್ಟಾಗದಿದ್ದರೆ, ಹುಡುಗನಿಗೆ 14 ಆದರೂ ಯಾವ ಗುರುತೂ ಇಲ್ಲದಿದ್ದರೆ ತೋರಿಸಿ. ರಕ್ತಸ್ರಾವ ಏಳು ದಿನ ಮೀರಿದರೆ, ಒಂದೆರಡು ಗಂಟೆಗೇ ಪ್ಯಾಡು ತೊಯ್ದರೆ, ನೋವಿನಿಂದ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂಬ ಹಿರಿಯರ ಮಾತಿಗೆ ತಲೆದೂಗಬೇಡಿ. ಹುಡುಗನಿಗೆ ವೃಷಣದಲ್ಲಿ ಏಕಾಏಕಿ ತೀವ್ರ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು, ಹಾಗಾಗಿ ಮಧ್ಯರಾತ್ರಿಯಾದರೂ ದೊಡ್ಡ ಆಸ್ಪತ್ರೆಗೇ ಹೋಗಬೇಕು.

10 ಮತ್ತು 16ನೆಯ ವಯಸ್ಸಿಗೆ ಧನುರ್ವಾಯು-ಗಂಟಲಮಾರಿಯ ಟಿಡಿ ಲಸಿಕೆಯಿದೆ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಮಹಾರಾಷ್ಟ್ರದ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಮೈತ್ರಿ’ ಹೆಸರಿನ ಕ್ಲಿನಿಕ್ಕುಗಳಿವೆ, ಅಲ್ಲಿ ಸಲಹೆಗೆ ಶುಲ್ಕವಿಲ್ಲ.

ವೈದ್ಯರ ಬಳಿ ಹೋಗುವಾಗ ಎತ್ತರದ ಅಂಕಿಗಳನ್ನೂ ಮುಟ್ಟಿನ ದಿನಾಂಕಗಳನ್ನೂ ತೆಗೆದುಕೊಂಡು ಹೋಗಿ. ತೊಂದರೆಯೇನೆಂದು ಮಗುವೇ ಹೇಳಲಿ, ಬಿಟ್ಟುಹೋದದ್ದನ್ನಷ್ಟೇ ನೀವು ಸೇರಿಸಿ. ಆಮೇಲೆ ಐದು ನಿಮಿಷ ಹೊರಗೆ ಕೂತು, ವೈದ್ಯರೂ ಮಗುವೂ ಇಬ್ಬರೇ ಮಾತನಾಡಲು ಬಿಡಿ. ಮಗಳಿಗೆ ಹೆಂಗಸರೊಬ್ಬರು ಜೊತೆಗಿರಬೇಕೆನಿಸಿದರೆ ನರ್ಸನ್ನು ಕರೆಯಲು ಕೇಳಬಹುದು. ಹೊರಗೆ ಬಂದ ಮೇಲೆ ಒಳಗೆ ಏನು ಮಾತಾಯಿತೆಂದು ರಿಕ್ಷಾದಲ್ಲಿ ಕೂತು ವಿಚಾರಣೆ ನಡೆಸಬೇಡಿ. ನಿಮಗೆ ತಿಳಿಯಬೇಕಾದದ್ದನ್ನು ವೈದ್ಯರು ಹೇಳಿಯೇ ಕಳಿಸಿರುತ್ತಾರೆ.